ಧಾರವಾಡದಲ್ಲಿ ಕುಳಿತು ಫ್ರಾಂಕ್‌ಫರ್ಟ್‌ನಿಂದ ಹೊರಡುವ ಟಿಕೆಟ್ ಕೊಳ್ಳುವುದು: ಹಲವು ವರ್ಷಗಳ ಬಳಕೆಯ ವಿಮರ್ಶೆ

ನನ್ನ ಪತ್ನಿ ಜರ್ಮನಿಯ ಸಂಶೋಧನಾ ಸಂಸ್ಥೆಯೊಂದರಲ್ಲಿದ್ದಾಳೆ. ನಾನು ಧಾರವಾಡದ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ಆಕೆ ಊರಿಗೆ ಬಂದು ಹೋಗುವ ಟಿಕೆಟ್‌ಗಳನ್ನು ಮೊದಲಿನಿಂದಲೂ ನಾನೇ ಇಲ್ಲಿಂದ ಕೊಳ್ಳುತ್ತ ಬಂದಿದ್ದೇನೆ. ಭಾರತದ ಬುಕಿಂಗ್ ಆ್ಯಪ್, ವಿಮಾನ ಕಂಪನಿಯ ಸ್ವಂತ ಜಾಲತಾಣ, ಹುಬ್ಬಳ್ಳಿಯ ಟ್ರಾವೆಲ್ ಏಜೆಂಟ್, ಈ ಮೂರನ್ನೂ ಸಾಕಷ್ಟು ಬಳಸಿದ್ದೇನೆ. ಹಣ ಕೊಡುವವರು ಒಂದು ದೇಶದಲ್ಲಿ, ವಿಮಾನ ಹತ್ತುವವರು ಇನ್ನೊಂದು ದೇಶದಲ್ಲಿ ಇರುವಾಗ ಸೇವೆಯನ್ನು ಅಳೆಯಬೇಕಾದದ್ದು ಟಿಕೆಟ್ ಎಷ್ಟು ಅಗ್ಗ ಎಂಬುದರಿಂದಲ್ಲ, ಅದನ್ನು ತುರ್ತಿನಲ್ಲಿ ಬದಲಿಸುವ ಅಧಿಕಾರ ಯಾರ ಕೈಯಲ್ಲಿ ಉಳಿಯುತ್ತದೆ ಎಂಬುದರಿಂದ ಎನ್ನುವುದು ನನ್ನ ಅಭಿಪ್ರಾಯ.

ಹಣದ ವಿಷಯದಲ್ಲಿ ಆ್ಯಪ್ ಮುಂದಿದೆ, ಇದನ್ನು ಒಪ್ಪಲೇಬೇಕು. ಪ್ರಯಾಣ ಯಾವ ದೇಶದಿಂದ ಆರಂಭವಾಗುತ್ತದೆಯೋ ಆ ದೇಶದ ಹಣದಲ್ಲಿ ದರ ತೋರಿಸುವುದು ವಿಮಾನ ಕಂಪನಿಗಳ ಸಾಮಾನ್ಯ ರೂಢಿಯಾದ್ದರಿಂದ, ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿಗೆ ಬಂದು ಮರಳುವ ಟಿಕೆಟಿಗೆ ಕಂಪನಿಯ ತಾಣದಲ್ಲಿ ಯೂರೋದಲ್ಲೇ ಪಾವತಿಸಬೇಕಾಗುತ್ತದೆ. ಆಗ ಇಲ್ಲಿಯ ಬ್ಯಾಂಕು ವಿನಿಮಯ ದರದ ಮೇಲೆ ತನ್ನ ಶುಲ್ಕವನ್ನು ಸೇರಿಸುತ್ತದೆ. ಹಲವು ಕ್ರೆಡಿಟ್ ಕಾರ್ಡ್‌ಗಳಲ್ಲಿ ಆ ಶುಲ್ಕ ಶೇ 3.5 ಇದ್ದು, ಶುಲ್ಕದ ಮೇಲೆ ಶೇ 18 ಜಿಎಸ್‌ಟಿಯೂ ಬೀಳುತ್ತದೆ. ಅಂದರೆ 700 ಯೂರೋ ಟಿಕೆಟಿಗೆ ಸುಮಾರು 29 ಯೂರೋ ಹೆಚ್ಚು. ಆ್ಯಪ್ ಇದೇ ಟಿಕೆಟನ್ನು ರೂಪಾಯಿಯಲ್ಲಿ ಮಾರುವುದರಿಂದ ಈ ಹೊರೆ ಇರುವುದಿಲ್ಲ. ಬದಲಿಗೆ ತನ್ನ ಸೇವಾ ಶುಲ್ಕವನ್ನು ಕೊನೆಯ ಪರದೆಯಲ್ಲಿ ಸೇರಿಸುತ್ತದೆ. ಎರಡನ್ನೂ ಕೊನೆಯವರೆಗೆ ಕೊಂಡೊಯ್ದು ಒಟ್ಟು ಮೊತ್ತವನ್ನು ಹೋಲಿಸಿದರೆ ಮಾತ್ರ ನಿಜವಾದ ಅಂತರ ಗೊತ್ತಾಗುತ್ತದೆ. ಯೂರೋ ದರವನ್ನು ಅಲ್ಲಿಯೇ ರೂಪಾಯಿಗೆ ಬದಲಿಸಿ ಕೊಡುವುದಾಗಿ ಪಾವತಿಯ ಪುಟವು ಕೇಳಿದರೆ ನಾನು ಬೇಡವೆನ್ನುತ್ತೇನೆ, ಏಕೆಂದರೆ ಆ ವಿನಿಮಯ ದರ ಸಾಮಾನ್ಯವಾಗಿ ಬ್ಯಾಂಕಿನದಕ್ಕಿಂತ ದುಬಾರಿ.

ಕಾರ್ಡಿನಲ್ಲಿ ವಿದೇಶಿ ವಹಿವಾಟು ಚಾಲೂ ಇದೆಯೇ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕು. ರಿಸರ್ವ್ ಬ್ಯಾಂಕಿನ ಸೂಚನೆಯಂತೆ 2020ರ ಅಕ್ಟೋಬರ್ 1ರಿಂದ ಹೊಸ ಕಾರ್ಡ್‌ಗಳಲ್ಲಿ ಈ ಸೌಲಭ್ಯವನ್ನು ನಾವೇ ಕೇಳಿ ತೆರೆಸಿಕೊಳ್ಳಬೇಕು. ಟಿಸಿಎಸ್, ಅಂದರೆ ಮಾರುವವರೇ ಕೊಳ್ಳುವವರಿಂದ ವಸೂಲು ಮಾಡಿ ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆಯ ಬಗ್ಗೆ ನನ್ನ ಸಹೋದ್ಯೋಗಿಗಳಲ್ಲಿ ಅನವಶ್ಯಕ ಭಯವಿದೆ. ವಿದೇಶ ಪ್ರವಾಸದ ಪ್ಯಾಕೇಜಿಗೆ ಅನ್ವಯಿಸುವ ಆ ತೆರಿಗೆ ಬರೀ ವಿಮಾನ ಟಿಕೆಟ್ ಕೊಂಡರೆ ಬರುವುದಿಲ್ಲ ಎಂದು ನೇರ ತೆರಿಗೆಗಳ ಕೇಂದ್ರ ಮಂಡಳಿಯು 2023ರಲ್ಲಿಯೇ ಸ್ಪಷ್ಟಪಡಿಸಿದೆ. ಇನ್ನೊಂದು ಸಂಗತಿಯೆಂದರೆ, ಕಾರ್ಡಿನ ಒಡೆಯರು ಪ್ರಯಾಣಿಕರಲ್ಲದಿದ್ದರೆ ಕೆಲವು ವಿಮಾನ ಕಂಪನಿಗಳು ಚೆಕ್-ಇನ್ ಕೌಂಟರಿನಲ್ಲಿ ಕಾರ್ಡಿನ ಬಗ್ಗೆ ವಿಚಾರಿಸಬಹುದು ಅಥವಾ ಮುಂಚಿತವಾಗಿ ದೃಢೀಕರಣ ಬೇಡಬಹುದು. ಪಾವತಿಗೆ ಮುನ್ನ ಆ ಷರತ್ತನ್ನು ಓದಿ, ಬೇಕಾದ ಪತ್ರಕ್ಕೆ ಸಹಿ ಮಾಡಿ ಪತ್ನಿಗೆ ಕಳುಹಿಸಿಡುತ್ತೇನೆ.

ಅಧಿಕಾರದ ಪ್ರಶ್ನೆಗೆ ಬಂದರೆ ಚಿತ್ರವೇ ಬದಲಾಗುತ್ತದೆ. ಆ್ಯಪ್‌ನಲ್ಲಿ ಕೊಂಡರೂ ಸಿಗುವುದು ವಿಮಾನ ಕಂಪನಿಯದೇ 13 ಅಂಕಿಗಳ ಇ-ಟಿಕೆಟ್ ಸಂಖ್ಯೆ. ಅದರ ಮೊದಲ ಮೂರು ಅಂಕಿಗಳು ಕಂಪನಿಯನ್ನು ಸೂಚಿಸುತ್ತವೆ, ಉದಾಹರಣೆಗೆ ಲುಫ್ತಾನ್ಸಾದ್ದು 220, ಏರ್ ಇಂಡಿಯಾದ್ದು 098. ಟಿಕೆಟ್ ಕಂಪನಿಯದಾದರೂ ಅದನ್ನು ಮಾರಿದ್ದು ಆ್ಯಪ್ ಆದ್ದರಿಂದ, ದಿನಾಂಕ ಬದಲಾವಣೆಗೂ ಹಣ ವಾಪಸಾತಿಗೂ ಕಂಪನಿಯು ಬಹಳಷ್ಟು ಸಲ ಆ್ಯಪ್‌ನತ್ತಲೇ ಕೈತೋರಿಸುತ್ತದೆ. 2025ರ ಜೂನ್ 23ರ ರಾತ್ರಿ ಕತಾರ್ ತನ್ನ ವಾಯುಪ್ರದೇಶವನ್ನು ಮುಚ್ಚಿದಾಗ ಕೊಲ್ಲಿ ಮಾರ್ಗದ ಅನೇಕ ವಿಮಾನಗಳ ವೇಳಾಪಟ್ಟಿ ಅಸ್ತವ್ಯಸ್ತವಾಯಿತು. ಪತ್ನಿಯ ಬಳಿ ಆಗ ಇದ್ದದ್ದು ಆ ಮಾರ್ಗದ, ಆ್ಯಪ್‌ನಲ್ಲಿ ಕೊಂಡ ಟಿಕೆಟ್. ಮೊದಲ ಸಂದೇಶ ಬಂದದ್ದು ನನ್ನ ಮೊಬೈಲಿಗೆ. ಆಕೆಯ ಸಂಖ್ಯೆಯನ್ನು ದಾಖಲಿಸಲು ಆ್ಯಪ್‌ನಲ್ಲಿ ಎರಡನೆಯ ಜಾಗವೇ ಇರಲಿಲ್ಲ. ಸಹಾಯವಾಣಿಯಲ್ಲಿ ಯಂತ್ರದ ಉತ್ತರಗಳ ನಂತರ ಸಿಕ್ಕ ಸಿಬ್ಬಂದಿ, ವಿಮಾನ ಕಂಪನಿಯ ಒಪ್ಪಿಗೆ ಬರಬೇಕು ಎಂದರು. ಕಂಪನಿಯವರು ಆ್ಯಪ್‌ನವರು ಕೋರಿಕೆ ಕಳುಹಿಸಬೇಕು ಎಂದರು. ಕೊನೆಗೆ ಬೇರೆ ಟಿಕೆಟ್ ಕೊಂಡೆವು. ಹಳೆಯದರ ಹಣ ಕಂಪನಿಯಿಂದ ಆ್ಯಪ್‌ಗೆ, ಅಲ್ಲಿಂದ ನನ್ನ ಕಾರ್ಡಿಗೆ ಬಂತು, ಪೂರ್ತಿಯಾಗಿಯೂ ಬಂತು. ಆದರೆ ಈ ನಡುವಿನ ಕಾಯುವಿಕೆ ಕೋರ್ಟಿನ ವಾಯಿದೆಗಳಂತೆ ಮುಂದೆ ಮುಂದೆ ಹೋಗುತ್ತಿತ್ತು.

ಅಂಥ ಸಂದರ್ಭದಲ್ಲಿ ಯುರೋಪಿನಿಂದ ಹೊರಡುವವರಿಗೆ ಒಂದು ಬಲವಿದೆ. ಯುರೋಪಿಯನ್ ಒಕ್ಕೂಟದ 261/2004 ನಿಯಮವು ಒಕ್ಕೂಟದ ವಿಮಾನ ನಿಲ್ದಾಣದಿಂದ ಹೊರಡುವ ಎಲ್ಲ ಕಂಪನಿಗಳಿಗೂ ಅನ್ವಯಿಸುತ್ತದೆ. ಟಿಕೆಟನ್ನು ಧಾರವಾಡದಲ್ಲಿ ಕೊಂಡಿದ್ದರೂ ಪ್ರಯಾಣಿಕರ ಹಕ್ಕು ಕಡಿಮೆಯಾಗುವುದಿಲ್ಲ. ವಾಯುಪ್ರದೇಶ ಮುಚ್ಚುವಂಥ ಅಸಾಧಾರಣ ಕಾರಣವಿದ್ದರೆ 600 ಯೂರೋವರೆಗಿನ ಪರಿಹಾರ ಸಿಗಲಾರದು, ಆದರೆ ಬದಲಿ ವಿಮಾನ ಅಥವಾ ಹಣ ವಾಪಸಿನ ನಡುವೆ ಆಯ್ದುಕೊಳ್ಳುವ ಹಕ್ಕು ಉಳಿಯುತ್ತದೆ. ಪರಿಹಾರ ಪ್ರಯಾಣಿಕರಿಗೆ ಸೇರಿದ್ದು, ಮರಳುವ ಟಿಕೆಟ್ ಹಣ ಹೆಚ್ಚಾಗಿ ಪಾವತಿಸಿದ ಕಾರ್ಡಿಗೇ ಹೋಗುತ್ತದೆ. ಗಂಡಹೆಂಡಿರ ನಡುವೆ ಇದರಿಂದ ಜಗಳವೇನೂ ಆಗದು, ಆದರೆ ಅರ್ಜಿ ಹಾಕುವವರು ಯಾರೆಂಬುದು ತಿಳಿದಿರಬೇಕು.

ಇದೆಲ್ಲದರ ನಂತರ ನಾನು ಕಂಪನಿಯ ತಾಣಕ್ಕೇ ಅಂಟಿಕೊಂಡಿದ್ದೇನೆ. ಖಾತೆ ಪತ್ನಿಯ ಹೆಸರಿನಲ್ಲಿ, ಸಂಪರ್ಕದ ಮೊಬೈಲ್ ಆಕೆಯದು, ಕಾರ್ಡ್ ಮತ್ತು ಒಟಿಪಿ ಮಾತ್ರ ನನ್ನವು. ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ, ಬೇಸಿಗೆಯಲ್ಲಿ ಮೂರೂವರೆ ಗಂಟೆಯ ವ್ಯತ್ಯಾಸವಿರುವುದರಿಂದ ಇಲ್ಲಿ ರಾತ್ರಿ ಊಟದ ನಂತರ ಇಬ್ಬರೂ ಒಟ್ಟಿಗೆ ಕುಳಿತು ಕೊಳ್ಳುತ್ತೇವೆ. ಒಟಿಪಿಯನ್ನು ಫೋನಿನಲ್ಲಿ ಹೇಳುವ ಸರ್ಕಸ್ ಇನ್ನಿಲ್ಲ.

ಹೆಸರಿನ ವಿಷಯದಲ್ಲಿ ಮೂರೂ ಸೇವೆಗಳು ಒಂದೇ ಬಗೆಯಲ್ಲಿ ದುರ್ಬಲ. ನಮ್ಮ ಕಡೆ ಅಡ್ಡಹೆಸರು ಇರುವುದರಿಂದ ಇನಿಶಿಯಲ್‌ನ ತೊಂದರೆ ನಮಗಿಲ್ಲ ಎಂದುಕೊಳ್ಳುವಂತಿಲ್ಲ. ಪಾಸ್‌ಪೋರ್ಟಿನಲ್ಲಿ ಹೆಸರಿನ ಜೊತೆಗೆ ತಂದೆಯದೋ ಗಂಡನದೋ ಹೆಸರು ಸೇರಿರುತ್ತದೆ, ಆಧಾರಿನಲ್ಲಿ ಕ್ರಮವೇ ಬೇರೆ ಇರುತ್ತದೆ, ಆ್ಯಪ್ ತಾನು ನೆನಪಿಟ್ಟುಕೊಂಡದ್ದನ್ನು ತಾನೇ ತುಂಬುತ್ತದೆ. ಪಾಸ್‌ಪೋರ್ಟಿನ ಫೋಟೊ ಪುಟದ ಅಡಿಯಲ್ಲಿರುವ, ಯಂತ್ರ ಓದುವ ಎರಡು ಸಾಲುಗಳನ್ನು ನೋಡಿಕೊಂಡು ಹೆಸರು ತುಂಬುವುದೇ ಸುರಕ್ಷಿತ.

ಬೆಂಗಳೂರಿನಿಂದ ಹುಬ್ಬಳ್ಳಿಯವರೆಗಿನ ಕೊನೆಯ ತುಂಡು ಎಲ್ಲಕ್ಕಿಂತ ತಲೆನೋವಿನದು. ಹುಬ್ಬಳ್ಳಿಯ ಗೋಕುಲ ರಸ್ತೆಯ ವಿಮಾನ ನಿಲ್ದಾಣದಿಂದ ದೇಶದೊಳಗಿನ ವಿಮಾನಗಳು ಮಾತ್ರ ಇವೆ. ಬೆಂಗಳೂರಿನಲ್ಲಿ 2023ರ ಸೆಪ್ಟೆಂಬರ್ 12ರಿಂದ ಅಂತರರಾಷ್ಟ್ರೀಯ ವಿಮಾನಗಳು ಎರಡನೆಯ ಟರ್ಮಿನಲ್‌ಗೆ ಹೋದವು. ಇಂಡಿಗೋದ ದೇಶೀಯ ವಿಮಾನಗಳು ಒಂದನೆಯದರಲ್ಲಿವೆ. ಇಮಿಗ್ರೇಶನ್, ಕಸ್ಟಮ್ಸ್ ಮುಗಿಸಿ, ಸಾಮಾನು ಎತ್ತಿಕೊಂಡು, ಷಟಲ್ ಬಸ್ ಹಿಡಿದು ಮತ್ತೆ ಚೆಕ್-ಇನ್ ಮಾಡಬೇಕು. ಎರಡೂ ಟಿಕೆಟ್ ಬೇರೆ ಬೇರೆಯಾಗಿದ್ದರೆ ಮೊದಲ ವಿಮಾನ ತಡವಾದಾಗ ಎರಡನೆಯದರ ಹೊಣೆ ಯಾರೂ ಹೊರುವುದಿಲ್ಲ. ಅಲ್ಲದೆ ದೇಶೀಯ ಟಿಕೆಟಿಗೆ ಸಾಮಾನ್ಯವಾಗಿ 15 ಕಿಲೋ ಮಾತ್ರ, ಆಕೆಯ ಪೆಟ್ಟಿಗೆ 23 ಕಿಲೋ. ಆ್ಯಪ್ ಈ ಎರಡನ್ನೂ ಒಂದೇ ಪ್ರಯಾಣದಂತೆ ಜೋಡಿಸಿ ತೋರಿಸಿದರೂ ಪಿಎನ್‌ಆರ್ ಎರಡಿದ್ದರೆ ನಾನು ಕೊಳ್ಳುವುದಿಲ್ಲ. ಯುರೋಪಿನ ಹಲವು ವಿಮಾನಗಳು ನಡುರಾತ್ರಿಯ ಆಸುಪಾಸಿಗೆ ಇಳಿಯುವುದರಿಂದ ಬೆಳಗಿನ ವಿಮಾನದ ಬದಲು ರೈಲನ್ನೇ ಆಯ್ದುಕೊಳ್ಳುತ್ತೇವೆ. 2023ರ ಜೂನ್‌ನಲ್ಲಿ ವಂದೇ ಭಾರತ್ ಆರಂಭವಾದ ಮೇಲೆ ಅದೂ ಸಲೀಸಾಗಿದೆ.

ಏಜೆಂಟರ ಅಂಗಡಿಯನ್ನು ನಾನು ಪೂರ್ತಿ ಬಿಟ್ಟಿಲ್ಲ. ಅವರ ಕಮಿಷನ್ ಹೆಚ್ಚೇ, ರಾತ್ರಿ ಒಂಬತ್ತರ ನಂತರ ಫೋನ್ ಎತ್ತುವುದು ಅವರ ಮರ್ಜಿ. ಆದರೆ ಈ ಸಲ ಅತ್ತೆ ಮಾವನವರು ಮಗಳ ಬಳಿಗೆ ಹೊರಟಿದ್ದಾರೆ. ಜರ್ಮನಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾ ಅರ್ಜಿಗೆ ಹಣ ಕಟ್ಟಿದ ಟಿಕೆಟ್ ಬೇಕಿಲ್ಲ, ವಿಮಾನದ ಕಾಯ್ದಿರಿಸುವಿಕೆಯ ದಾಖಲೆ ಸಾಕು. ಅದನ್ನು ಕೆಲವು ದಿನ ಹಿಡಿದಿಡುವುದು, ವೀಲ್‌ಚೇರ್ ಕೋರಿಕೆ ನಮೂದಿಸುವುದು, ವೀಸಾ ಬಂದ ಮೇಲೆ ಇಬ್ಬರ ಟಿಕೆಟ್‌ಗಳನ್ನೂ ಒಂದೇ ಪಿಎನ್‌ಆರ್‌ನಲ್ಲಿ ತೆಗೆಯುವುದು ಅವರಿಗೆ ದಿನನಿತ್ಯದ ಕೆಲಸ. ಈ ಟಿಕೆಟ್‌ಗಳನ್ನು ಅವರ ಬಳಿಯೇ ಕೊಳ್ಳುತ್ತಿದ್ದೇನೆ.