ತೇಜಸ್ವಿಯನ್ನು ಯಾವ ಪುಸ್ತಕದಿಂದ ಶುರು ಮಾಡಬೇಕು? ಕೊಟ್ಟು ನೋಡಿದವರ ಹೋಲಿಕೆ

"ತೇಜಸ್ವಿ ಓದಬೇಕು ಅಂತಿದೀನಿ, ಯಾವುದರಿಂದ ಶುರು ಮಾಡಲಿ?" ಪೂರ್ಣಚಂದ್ರ ತೇಜಸ್ವಿಯವರ ಬಗ್ಗೆ ಈ ಪ್ರಶ್ನೆ ಕೇಳಿದರೆ ಹೆಚ್ಚಿನವರು ಹಿಂದೆಮುಂದೆ ನೋಡದೆ ಕರ್ವಾಲೊ ಅನ್ನುತ್ತಾರೆ. ಸ್ವಲ್ಪ ಪತ್ತೇದಾರಿ ರುಚಿ ಇರುವವರು ಜುಗಾರಿ ಕ್ರಾಸ್ ಅನ್ನುತ್ತಾರೆ. ಸಾಹಿತ್ಯ ಪಾಠ ಮಾಡುವವರಾದರೆ ಅಬಚೂರಿನ ಪೋಸ್ಟಾಫೀಸು. ಮೂರೂ ಒಳ್ಳೆಯ ಪುಸ್ತಕಗಳೇ. ಆದರೆ ಮೊದಲನೇ ಪುಸ್ತಕವಾಗಿ ಮೂರೂ ಒಂದೇ ಥರ ಕೆಲಸ ಮಾಡುವುದಿಲ್ಲ.

ನಮ್ಮ ಮನೆಯಲ್ಲಿ ತೇಜಸ್ವಿಯವರ ಪುಸ್ತಕಗಳು ಬಹುತೇಕ ಎಲ್ಲ ಇವೆ. ನೆಂಟರು, ಅಕ್ಕಪಕ್ಕದವರು, ಆಫೀಸಿನವರು ಒಬ್ಬರಾದ ಮೇಲೆ ಒಬ್ಬರು ಒಯ್ಯುತ್ತಾರೆ. ಯಾರಿಗೆ ಯಾವುದು ಹಿಡಿಸಿತು, ಯಾರು ಎಲ್ಲಿ ನಿಂತರು ಅನ್ನೋದನ್ನು ನಾನು ಗಮನಿಸುತ್ತಲೇ ಬಂದಿದ್ದೇನೆ. ಪುಸ್ತಕ ಮುಗಿಸಿದರಾ ಅನ್ನೋದಕ್ಕಿಂತ ಇನ್ನೊಂದು ಪುಸ್ತಕ ಕೇಳಿಕೊಂಡು ಬಂದರಾ ಅನ್ನೋದು ನನ್ನ ಅಳತೆ. ಯಾಕೆಂದರೆ ತೇಜಸ್ವಿಯನ್ನು ಒಂದೇ ಪುಸ್ತಕದಲ್ಲಿ ಹಿಡಿಯೋಕೆ ಆಗುವುದಿಲ್ಲ. ಮೂಡಿಗೆರೆಯಲ್ಲಿ ಕಾಫಿ ತೋಟ ಮಾಡಿಕೊಂಡು, ಮೀನು ಹಿಡಿದು, ಹಕ್ಕಿಗಳ ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸುವುದಕ್ಕೆ ತಲೆ ಕೆಡಿಸಿಕೊಂಡು ಬದುಕಿದ ಮನುಷ್ಯ ಅವರು. ಕಾದಂಬರಿ, ಶಿಕಾರಿ ಕತೆ, ವಿಜ್ಞಾನ, ಪ್ರವಾಸ, ನೆನಪು, ಎಲ್ಲವನ್ನೂ ಬರೆದರು.

ಮೊದಲು ಜುಗಾರಿ ಕ್ರಾಸ್ ಮತ್ತು ಕರ್ವಾಲೊ ಎದುರುಬದುರು ಇಡುತ್ತೇನೆ. ಜಗಳ ಜಾಸ್ತಿ ಇರೋದು ಇಲ್ಲೇ.

ಬೇಗ ಓದಿ ಮುಗಿಸೋದು ಯಾವುದು ಅಂದರೆ ಅನುಮಾನವೇ ಬೇಡ, ಜುಗಾರಿ ಕ್ರಾಸ್. 1994ರಲ್ಲಿ ಬಂದ ಕಾದಂಬರಿ. ಸುರೇಶ, ಗೌರಿ ಅನ್ನೋ ಗಂಡ ಹೆಂಡತಿ, ಏಲಕ್ಕಿ ವ್ಯಾಪಾರ, ಕಾಡಿನ ಕಳ್ಳಸಾಗಣೆ, ರೈಲು, ನಡುವೆ ಒಂದು ಹಳೆಯ ಕಾವ್ಯದ ಒಗಟು. ಆಫೀಸಿನ ಗೆಳೆಯನೊಬ್ಬ ಶುಕ್ರವಾರ ಸಂಜೆ ಒಯ್ದವನು ಶನಿವಾರ ಬೆಳಗ್ಗೆ ಮೆಸೇಜ್ ಹಾಕಿದ: "ರಾತ್ರಿ ಮಲಗಲೇ ಇಲ್ಲ ಮಾರಾಯ್ತಿ." ಕನ್ನಡ ಪುಸ್ತಕ ಹಿಡಿಯದೆ ಎಷ್ಟೋ ವರ್ಷ ಆಗಿದ್ದವನು ಅವನು. ಅಷ್ಟು ಬಿಗಿಯಾಗಿ ಹಿಡಿದು ಕೂರಿಸುವ ಕತೆ ಅದು.

ಆದರೆ ಆಮೇಲೆ? "ಇದೇ ಥರದ್ದು ಇನ್ನೊಂದು ಕೊಡು" ಅಂದ. ಇದೇ ಥರದ್ದು ತೇಜಸ್ವಿ ಇನ್ನೊಂದು ಬರೆದಿಲ್ಲವಲ್ಲ! ಕರ್ವಾಲೊ ಕೊಟ್ಟೆ. ಅರ್ಧಕ್ಕೆ ಬಂದು "ಕತೆ ಯಾವಾಗ ಶುರುವಾಗುತ್ತೆ?" ಅಂತ ಕೇಳಿದ. ಜುಗಾರಿ ಕ್ರಾಸಿನ ಓಟಕ್ಕೆ ಒಗ್ಗಿದ ಕಣ್ಣಿಗೆ ಕರ್ವಾಲೊ ನಿಂತಲ್ಲೇ ನಿಂತ ಹಾಗೆ ಕಾಣುತ್ತದೆ. ಜುಗಾರಿ ಕ್ರಾಸಿನಿಂದ ಶುರು ಮಾಡಿದ ಇನ್ನೂ ಕೆಲವರಲ್ಲಿ ಇದನ್ನೇ ಕಂಡಿದ್ದೇನೆ. ಬಹಳ ಮೆಚ್ಚುತ್ತಾರೆ, ಎಲ್ಲರಿಗೂ ಹೇಳುತ್ತಾರೆ, ಅಲ್ಲಿಗೇ ನಿಲ್ಲುತ್ತಾರೆ. ಆ ಓಟದ ಅಡಿಯಲ್ಲಿ ಇರುವ ಸಂಕಟ, ಮಲೆನಾಡಿನ ಕಾಡು ಯಾರ್ಯಾರದೋ ಜೇಬಿಗೆ ಹೋಗುತ್ತಿರುವ ರೀತಿ, ಅದು ಎರಡನೇ ಓದಿಗೆ ಮಾತ್ರ ಸಿಗೋದು. ಮೊದಲ ಓದಿನಲ್ಲಿ ಮುಂದೇನಾಯ್ತು ಅನ್ನೋದೇ ಮುಖ್ಯವಾಗಿಬಿಡುತ್ತದೆ.

ಕರ್ವಾಲೊ ಕತೆ ಬೇರೆ. ಹಾರುವ ಓತಿಯೊಂದನ್ನು ಹುಡುಕಿಕೊಂಡು ಕಾಡಿಗೆ ಹೊರಟವರ ಕಾದಂಬರಿ ಅದು. 1980ರ ಈ ಪುಸ್ತಕದ ಬಗ್ಗೆ ಕೇಳಿಬರುವ ಮಾತುಗಳು ಎಷ್ಟು ದೂರ ದೂರ ಅಂದರೆ, ಎಲ್ಲರೂ ಓದಿದ್ದು ಒಂದೇ ಪುಸ್ತಕವಾ ಅನ್ನಿಸುತ್ತದೆ. ನಮ್ಮ ಮಹಡಿ ಮನೆಯ ಆಂಟಿ, ಜೀವನವಿಡೀ ಕಾದಂಬರಿ ಓದಿದವರು, "ಒಂದು ಓತಿಕ್ಯಾತಕ್ಕೆ ಇಷ್ಟು ದೊಡ್ಡ ಪ್ರಯಾಣವಾ?" ಅಂದರು. ಜೀವಶಾಸ್ತ್ರ ಓದುತ್ತಿದ್ದ ಅವರ ಮಗಳು ಅದೇ ಪ್ರತಿಯನ್ನು ಓದಿ, ಹಾರುವ ಓತಿಯ ಬಗ್ಗೆ ಅಮ್ಮನಿಗೆ ಊಟದ ಹೊತ್ತಿನಲ್ಲಿ ಪಾಠ ಮಾಡಿದಳಂತೆ. ಇನ್ನೊಬ್ಬರು ಬರೀ ಅದರ ಪಾತ್ರಗಳಾದ ಪ್ಯಾರ, ಬಿರಿಯಾನಿ ಕರಿಯಪ್ಪನ ಮಾತು ನೆನೆಸಿಕೊಂಡು ನಗುತ್ತಿದ್ದರು. ವಿಕಾಸವಾದ ಗಿಕಾಸವಾದ ಅವರ ತಲೆಗೇ ಬಂದಿರಲಿಲ್ಲ. ಅದೂ ಸರಿಯಾದ ಓದೇ.

ನನಗೆ ಬಹಳ ಮುಖ್ಯ ಅನ್ನಿಸಿದ್ದು ನಮ್ಮ ಚಿಕ್ಕಪ್ಪನ ಮಗನ ಮಾತು. ಪಿಯುಸಿಯಲ್ಲಿ ಸಬ್ಜೆಕ್ಟ್ ಉಳಿಸಿಕೊಂಡು, ಮನೆಯಲ್ಲಿ ದಿನಾ ಬೈಸಿಕೊಳ್ಳುತ್ತಿದ್ದ ಕಾಲದಲ್ಲಿ ಓದಿದ. ಕಾದಂಬರಿಯಲ್ಲಿ ನಿರೂಪಕ ಜೇನುತುಪ್ಪದ ನೆಪದಲ್ಲಿ ಮೂಡಿಗೆರೆಯ ಜೇನು ಸೊಸೈಟಿಗೆ ಹೋದಾಗ ಮಂದಣ್ಣ ಸಿಗುತ್ತಾನೆ. ಊರಿನವರ ಲೆಕ್ಕದಲ್ಲಿ ಮಂದಣ್ಣ ಕೆಲಸಕ್ಕೆ ಬಾರದವನು. ಒಂದು ಪ್ಯೂನ್ ಕೆಲಸ ಸಿಕ್ಕರೆ ಮದುವೆ ಆಗಬಹುದು ಅನ್ನೋದು ಅವನ ಕನಸು. ಅದೇ ಮಂದಣ್ಣ ಕಾಡಿನಲ್ಲಿ ಏನು ನೋಡುತ್ತಾನೆ ಅನ್ನೋದು ಕರ್ವಾಲೊ ಎಂಬ ದೊಡ್ಡ ವಿಜ್ಞಾನಿಗೆ ಮಾತ್ರ ಗೊತ್ತು. ಪುಸ್ತಕ ವಾಪಸ್ ಕೊಡುವಾಗ ಹುಡುಗ ಅಂದ: "ಅಕ್ಕ, ಇದಕ್ಕೆ ಕರ್ವಾಲೊ ಅಂತ ಯಾಕೆ ಹೆಸರಿಟ್ಟರು? ಮಂದಣ್ಣ ಅಂತ ಇಡಬೇಕಿತ್ತು." ಎಷ್ಟೋ ವಿಮರ್ಶೆ ಓದಿದ್ದೇನೆ, ಇಷ್ಟು ನೇರವಾಗಿ ಯಾರೂ ಹೇಳಿದ್ದು ನೆನಪಿಲ್ಲ. ಅವನು ಆಮೇಲೆ ತೇಜಸ್ವಿಯವರದ್ದು ಸಿಕ್ಕಿದ್ದೆಲ್ಲ ಓದಿದ.

ಹಾಗಾಗಿ ಕರ್ವಾಲೊ ಹೆಚ್ಚು ದೊಡ್ಡ ಪುಸ್ತಕ ಅನ್ನೋದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಅದು ಹಿಡಿದರೆ ಪೂರ್ತಿ ಹಿಡಿಯುತ್ತದೆ, ಇಲ್ಲದಿದ್ದರೆ ಇಲ್ಲ. ನಡುವಿನ ದಾರಿ ಕಡಿಮೆ. ಕೊನೆಯ ಪುಟದ ಬಗ್ಗೆಯಂತೂ ಎರಡೇ ಗುಂಪು: "ಅಷ್ಟೇನಾ?" ಅನ್ನುವವರು, ಮಾತೇ ಆಡದೆ ಪುಸ್ತಕ ವಾಪಸ್ ಕೊಡುವವರು. ಏನಾಗುತ್ತದೆ ಅಂತ ಇಲ್ಲಿ ಹೇಳುವುದಿಲ್ಲ.

ಚಿದಂಬರ ರಹಸ್ಯವನ್ನು ಮೊದಲ ಪುಸ್ತಕವಾಗಿ ಯಾರಿಗೂ ಕೊಡಬೇಡಿ. ಇದನ್ನು ಪ್ರೀತಿಯಿಂದಲೇ ಹೇಳುತ್ತಿದ್ದೇನೆ, ಯಾಕೆಂದರೆ ನನಗೆ ಅವರ ಪುಸ್ತಕಗಳಲ್ಲಿ ಎಲ್ಲಕ್ಕಿಂತ ಹತ್ತಿರದ್ದು ಅದೇ. 1985ರಲ್ಲಿ ಬಂತು, 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಪ್ರಶಸ್ತಿ ನೋಡಿ ಶುರು ಮಾಡಿದವರು ಕಾದಂಬರಿಯ ಊರಾದ ಕೆಸರೂರಿನ ಜನಜಂಗುಳಿಯಲ್ಲಿ ಕಳೆದುಹೋಗುತ್ತಾರೆ. ಏಲಕ್ಕಿ ವಿಜ್ಞಾನಿ ಜೋಗಿಹಾಳರ ಸಾವು, ತನಿಖೆಗೆ ಬಂದ ಅಂಗಡಿ ಅನ್ನೋ ಅಧಿಕಾರಿ, ಕಾಲೇಜಿನ ಕ್ರಾಂತಿಕಾರಿ ಹುಡುಗರು, ರಫಿ ಮತ್ತು ಜಯಂತಿಯ ಪ್ರೀತಿ, ಜಾತಿ, ಧರ್ಮ, ವ್ಯಾಪಾರ. ಹಲಸಿನ ಹಣ್ಣು ಬಿಡಿಸಿದ ಹಾಗೆ, ಮೊದಲು ಕೈಗೆಲ್ಲ ಅಂಟೇ ಅಂಟು, ತೊಳೆ ಸಿಗೋದು ಆಮೇಲೆ.

ಇದರ ಬಗ್ಗೆ ನಾನು ಕೇಳಿದ ಅತಿ ಒಳ್ಳೆಯ ಮಾತು ಸಕಲೇಶಪುರದ ಕಡೆ ತೋಟ ಇರುವ ನಮ್ಮ ಸೋದರಮಾವನದ್ದು. ಅವರು ಕಾದಂಬರಿ ಓದುವವರೇ ಅಲ್ಲ. ಏಲಕ್ಕಿ ಅಂದಿದ್ದಕ್ಕೆ ತೆಗೆದುಕೊಂಡರು. ಕಟ್ಟೆ ರೋಗ ಬಂದು ಗಿಡದ ಎಲೆಯೆಲ್ಲ ಗೆರೆಗೆರೆಯಾಗಿ, ಕುಳ್ಳಗಾಗಿ, ತೋಟ ಕಣ್ಣೆದುರೇ ಹಾಳಾಗಿದ್ದನ್ನು ನೋಡಿದವರು. ಬೆಂಗಳೂರಿನ ನನ್ನ ಗೆಳೆಯರು ಕೊಲೆ ಯಾರು ಮಾಡಿದರು ಅಂತ ಹುಡುಕಿಕೊಂಡು ಓದಿದ ಪುಸ್ತಕವನ್ನು ಮಾವ ಏಲಕ್ಕಿ ಯಾಕೆ ಹೋಯಿತು ಅಂತ ಹುಡುಕಿಕೊಂಡು ಓದಿದರು. "ಈ ಮನುಷ್ಯ ನಮ್ಮ ಜನರನ್ನ ಬಲ್ಲ. ಬೆಂಕಿ ಬೀಳೋವರೆಗೂ ಬೇಲಿ ಜಗಳ ಬಿಡಲ್ಲ ನಾವು" ಅಂದರು. ಕಾದಂಬರಿಯ ಕೊನೆಯ ಬೆಂಕಿ ಅವರಿಗೆ ಕತೆಯಾಗಿ ಕಾಣಲೇ ಇಲ್ಲ.

ಜುಗಾರಿ ಕ್ರಾಸಿನಲ್ಲೂ ಏಲಕ್ಕಿ ಇದೆ, ಕಾಡು ಇದೆ, ರಹಸ್ಯ ಇದೆ. ಆದರೆ ಅಲ್ಲಿ ರಹಸ್ಯ ಓದುಗನನ್ನು ಎಳೆದುಕೊಂಡು ಹೋಗುತ್ತದೆ. ಇಲ್ಲಿ ರಹಸ್ಯದ ಹಿಂದೆ ಹೊರಟವನು ಊರಿನ ನಡುವೆ ನಿಂತುಬಿಡುತ್ತಾನೆ. ಮೂಡಿಗೆರೆಯ ಮಾತಿನ ಜಾಡು ಗೊತ್ತಾದ ಮೇಲೆ ಓದಿದರೆ ಇದು ಹೊಟ್ಟೆ ಹುಣ್ಣಾಗುವಷ್ಟು ನಗಿಸುತ್ತದೆ. ಕಲಬುರಗಿಯ ನನ್ನ ಸಹೋದ್ಯೋಗಿಯೊಬ್ಬರು ಮೊದಲ ಸಲ ಇಟ್ಟುಬಿಟ್ಟಿದ್ದರು, ಸಣ್ಣ ಪುಸ್ತಕಗಳನ್ನು ಓದಿ ಬಂದು ಎರಡನೇ ಸಲಕ್ಕೆ ಮುಗಿಸಿದರು. "ಈಗ ಅವರು ಮಾತಾಡೂದು ಕೇಳಸ್ತದ ನೋಡ್ರಿ" ಅಂದರು.

ಹಾಗಾದರೆ ಮೊದಲು ಯಾವುದು? ನನ್ನ ಉತ್ತರ ಪರಿಸರದ ಕತೆ. 1991ರ ಪುಸ್ತಕ. ಹೆಸರು ಕೇಳಿ ಪಾಠಪುಸ್ತಕ ಅಂದುಕೊಂಡು ಪಕ್ಕಕ್ಕಿಡುವವರೇ ಜಾಸ್ತಿ. ಒಳಗೆ ಇರೋದು ತೋಟದ ಸುತ್ತಮುತ್ತಲಿನ ನಡೆದ ಸಂಗತಿಗಳು: ಕಿವಿ ಅನ್ನೋ ನಾಯಿ, ಮಾರ, ಪ್ಯಾರ, ಮಾಸ್ತಿ, ಬೈರ, ಹಕ್ಕಿಮರಿ, ಕಾಡುಹಂದಿ. ಒಂದೊಂದೂ ಒಂದು ಕೂತಲ್ಲಿ ಮುಗಿಯುತ್ತದೆ. ಯಾವುದರಿಂದ ಬೇಕಾದರೂ ಶುರು ಮಾಡಬಹುದು. ಇದನ್ನು ಒಯ್ದವರು ಇನ್ನೊಂದಕ್ಕೆ ಬರದೇ ಇದ್ದದ್ದು ಬಹಳ ಅಪರೂಪ. ಕಾರಣ ಸುಲಭ. ಇಲ್ಲಿ ಪ್ಯಾರ, ಕಿವಿ ಪರಿಚಯವಾದವರಿಗೆ ಕರ್ವಾಲೊ ತೆರೆದ ಕೂಡಲೇ ಗುರುತಿನವರು ಎದುರಾಗುತ್ತಾರೆ. "ಕತೆ ಯಾವಾಗ ಶುರುವಾಗುತ್ತೆ" ಅನ್ನೋ ಪ್ರಶ್ನೆಯೇ ಏಳುವುದಿಲ್ಲ. ಕಾದಂಬರಿಯ ತೇಜಸ್ವಿ ಮತ್ತು ತೋಟದ ತೇಜಸ್ವಿ ಬೇರೆ ಬೇರೆ ಅಲ್ಲ ಅನ್ನೋದು ತಾನಾಗಿ ಗೊತ್ತಾಗುತ್ತದೆ.

ಮಕ್ಕಳಿಗೆ ಮಾತ್ರ ಬೇರೆ ದಾರಿ. ಅವರಿಗೆ ಬೇಟೆಗಾರ ಲೇಖಕ ಕೆನೆತ್ ಆಂಡರ್ಸನ್ ಬರಹಗಳಿಂದ ತಂದ ಕಾಡಿನ ಕತೆಗಳು. ಜಾಲಹಳ್ಳಿಯ ಕುರ್ಕ, ಮುನಿಶಾಮಿ ಮತ್ತು ಮಾಗಡಿ ಚಿರತೆ ಅನ್ನೋ ಹೆಸರುಗಳೇ ಬೆಂಗಳೂರಿನ ಮಕ್ಕಳ ಕಿವಿ ನೆಟ್ಟಗಾಗಿಸುತ್ತವೆ. ಜಾಲಹಳ್ಳಿ ಮೆಟ್ರೋ ಸ್ಟೇಷನ್ ದಾಟಿ ದಿನಾ ಶಾಲೆಗೆ ಹೋಗುವ ಪಕ್ಕದ ಮನೆಯ ಹುಡುಗ "ನಮ್ಮ ಜಾಲಹಳ್ಳಿನಾ? ಅಲ್ಲಿ ಚಿರತೆ ಇತ್ತಾ?" ಅಂತ ಕಣ್ಣರಳಿಸಿದ್ದು ನೆನೆದರೆ ಈಗಲೂ ಖುಷಿಯಾಗುತ್ತದೆ. ಇಂಗ್ಲಿಷ್ ಮೀಡಿಯಂ ಹುಡುಗ, ಕನ್ನಡ ಅಕ್ಷರ ಕೂಡಿಸಿಕೊಂಡು ಓದಿದ. ಅಲ್ಲಲ್ಲಿ ಅವನ ಅಜ್ಜಿ ಓದಿ ಹೇಳಿದರು. ದೊಡ್ಡವರಲ್ಲಿ ಕೆಲವರಿಗೆ ಬೇಟೆಯ ಕತೆ ಸೇರುವುದಿಲ್ಲ. ಅಂಥವರಿಗೆ ಇದು ಬೇಡ.

ಅತ್ತಿಗೆ ಒಯ್ದದ್ದು ಕಿರಗೂರಿನ ಗಯ್ಯಾಳಿಗಳು. 2016ರಲ್ಲಿ ಸುಮನಾ ಕಿತ್ತೂರು ಮಾಡಿದ ಸಿನಿಮಾ ನೋಡಿದ್ದರು, ಆದ್ದರಿಂದ ಪುಸ್ತಕ ಬೇಕಾಯಿತು. ಅವರು ಓದಿದ ರೀತಿ ಚೆಂದ. ಒಬ್ಬರೇ ಕೂತು ಓದದೆ, ಅಡುಗೆ ಮನೆಯಲ್ಲಿ ಅಕ್ಕ ತಂಗಿಯರಿಗೆ ಜೋರಾಗಿ ಓದಿದರು. ಬೈಗುಳ ಬಂದಲ್ಲಿ ದನಿ ಇನ್ನೂ ಜೋರು. ಈ ಕತೆ ಕಣ್ಣಿಗಿಂತ ಕಿವಿಗೆ ಚೆನ್ನ.

ಕುವೆಂಪು ಅಂದರೆ ಕೈ ಮುಗಿಯುವ ಹಿರಿಯರಿಗೆ ಅಣ್ಣನ ನೆನಪು ಕೊಡಬೇಕಾದರೆ ಒಂದು ಮಾತು ಹೇಳಿ ಕೊಡಿ. ತೇಜಸ್ವಿ ತಮ್ಮ ಅಪ್ಪ ಕುವೆಂಪು ಅವರನ್ನು ಕರೆಯುತ್ತಿದ್ದದ್ದೇ ಅಣ್ಣ ಅಂತ. 1996ರ ಈ ಪುಸ್ತಕದಲ್ಲಿ ಹಿರಿಯರು ರಾಷ್ಟ್ರಕವಿಯ ಜೀವನಚರಿತ್ರೆ ಹುಡುಕುತ್ತಾರೆ, ಸಿಗೋದು ಮೈಸೂರಿನ ಉದಯರವಿ ಮನೆಯ ಅಪ್ಪ, ಮಕ್ಕಳು, ಕಿತಾಪತಿ. ನಮ್ಮ ದೊಡ್ಡತ್ತೆಗೆ ಮೊದಲು ಸ್ವಲ್ಪ ಕಸಿವಿಸಿಯಾಯಿತು, "ಅಂಥ ದೊಡ್ಡವರ ಬಗ್ಗೆ ಹೀಗಾ ಬರೆಯೋದು" ಅಂದರು. ಮುಗಿಸುವ ಹೊತ್ತಿಗೆ ಅಣ್ಣ, ಅಣ್ಣ ಅಂತ ಅವರೇ ಕುವೆಂಪು ಅವರನ್ನು ಕರೆಯತೊಡಗಿದ್ದರು. ತೇಜಸ್ವಿಯ ಮಿಕ್ಕ ಪುಸ್ತಕಗಳಿಗೆ ಮಾತ್ರ ಅವರು ಬರಲಿಲ್ಲ.

ಅಲೆಮಾರಿಯ ಅಂಡಮಾನ್ ಮತ್ತು ಮಹಾನದಿ ನೈಲ್ ಒಂದೇ ರಟ್ಟಿನೊಳಗೆ ಎರಡು ಪುಸ್ತಕ. ಅಂಡಮಾನ್ ಭಾಗ ಎಲ್ಲರಿಗೂ ಹಿಡಿಸುತ್ತದೆ, ನೈಲ್ ಭಾಗ ಇತಿಹಾಸದ ಹುಚ್ಚಿದ್ದವರಿಗೆ. ಮಿಸ್ಸಿಂಗ್ ಲಿಂಕ್ ಮತ್ತು ಮಿಲೇನಿಯಂ ಸರಣಿ ಹೈಸ್ಕೂಲು ಮಕ್ಕಳಿರುವ ಮನೆಗೆ ಒಳ್ಳೆಯದು.

ಇನ್ನು ಅಬಚೂರಿನ ಪೋಸ್ಟಾಫೀಸು. 1973ರ ಈ ಸಂಕಲನದ ಮುನ್ನುಡಿಯಲ್ಲೇ ತೇಜಸ್ವಿ ಆಗಿನ ನವ್ಯ ಸಾಹಿತ್ಯದ ದಾರಿ ಬಿಟ್ಟು ಬೇರೆ ಕಡೆ ಹೊರಟಿದ್ದು. ಸಮಾಜವಾದಿ ನಾಯಕ ಲೋಹಿಯಾ, ಕುವೆಂಪು, ಶಿವರಾಮ ಕಾರಂತರಿಂದ ತಾವು ಪಡೆದದ್ದನ್ನು ಹೇಳಿದ್ದು ಅಲ್ಲೇ. ಅವರ ಪುಸ್ತಕಗಳು ಯಾಕೆ ಒಂದರ ಹಾಗೆ ಒಂದಿಲ್ಲ ಅನ್ನೋದಕ್ಕೆ ಆ ಮುನ್ನುಡಿ ಓದಿದರೆ ಸಾಕು. ಆದರೆ ತಬರನ ಕತೆ ಇರೋದೂ ಅದರಲ್ಲೇ. ಪಿಂಚಣಿಗಾಗಿ ಆಫೀಸಿನಿಂದ ಆಫೀಸಿಗೆ ಅಲೆಯುವ ತಬರ, ಮನೆಯಲ್ಲಿ ಕಾಲಿನ ಗಾಯ ಕೊಳೆಯುತ್ತಿರುವ ಹೆಂಡತಿ. ಗಿರೀಶ ಕಾಸರವಳ್ಳಿಯವರ ಸಿನಿಮಾ ನೋಡಿದವರಿಗೂ ಪುಸ್ತಕದಲ್ಲಿ ಓದುವಾಗ ಹೊಸದಾಗಿ ಸಂಕಟವಾಗುತ್ತದೆ. ಸರ್ಕಾರಿ ಕೆಲಸದಿಂದ ನಿವೃತ್ತರಾದ ಹಿರಿಯರೊಬ್ಬರು ಈ ಕತೆ ಓದಿ, "ನಾನೂ ಮೇಜಿನ ಆ ಕಡೆ ಕೂತಿದ್ದವನು" ಅಂದರು. ಅದಾದ ಮೇಲೆ ತಮ್ಮ ಬೀದಿಯ ಒಬ್ಬ ಅಜ್ಜಿಯ ವೃದ್ಧಾಪ್ಯ ವೇತನದ ಅರ್ಜಿ ಹಿಡಿದು ತಾವೇ ತಾಲೂಕು ಕಚೇರಿಗೆ ಹೋದರು. ಮುಂದಿನ ಪುಸ್ತಕ ಅವರಿನ್ನೂ ಕೇಳಿಲ್ಲ. ಕರ್ವಾಲೊ ಅವರಿಗಾಗಿ ತೆಗೆದಿಟ್ಟಿದ್ದೇನೆ.