ಲಂಡನ್ ಮಿನಿಕ್ಯಾಬ್: ಆರು ವರ್ಷ ಬಳಸಿದ ಮೇಲೆ

ರಾತ್ರಿ ಪಾಳಿ ಮುಗಿಸಿ ಮಿನಿಕ್ಯಾಬಿನಲ್ಲಿ, ಅಂದರೆ ಮೊದಲೇ ಬುಕ್ ಮಾಡಿ ಕರೆಸಿಕೊಳ್ಳುವ ಖಾಸಗಿ ಬಾಡಿಗೆ ಕಾರಿನಲ್ಲಿ, ಮನೆಗೆ ಬರುವುದು ಆರು ವರ್ಷದಿಂದ ನನಗೆ ಅಭ್ಯಾಸವಾಗಿದೆ. ಒಟ್ಟಾರೆ ಖುಷಿಯಿದೆ. ಆದರೆ ಬುಕ್ ಮಾಡದ ಮಿನಿಕ್ಯಾಬ್ ಮಾತ್ರ ಹತ್ತಲೇಬೇಡಿ, ಗಾಜಿನ ಮೇಲೆ ಲೈಸೆನ್ಸ್ ಸ್ಟಿಕ್ಕರ್ ಇದ್ದರೂ ಬೇಡ.

ಇದು ನನಗೂ ಮೊದಲು ಗೊತ್ತಿರಲಿಲ್ಲ. ಬಂದ ಹೊಸತರಲ್ಲಿ ಒಂದು ರಾತ್ರಿ ಮಳೆ, ಮೊಬೈಲಿನಲ್ಲಿ ಚಾರ್ಜ್ ಇಲ್ಲ, ಸ್ಟೇಷನ್ ಹೊರಗೆ ಒಬ್ಬರು ‘15 ಪೌಂಡ್ ಕೊಡಿ, ಬಿಡುತ್ತೇನೆ’ ಅಂದರು. ಸ್ಟಿಕ್ಕರ್ ನೋಡಿ ಬಾಗಿಲಿಗೆ ಕೈ ಹಾಕಿದ್ದೆ. ಜೊತೆಗಿದ್ದ ಸಹೋದ್ಯೋಗಿ ತೋಳು ಹಿಡಿದು ಎಳೆದರು. ಇಲ್ಲಿ ರಸ್ತೆಯಲ್ಲಿ ಕೈ ತೋರಿಸಿ ಹತ್ತಬಹುದಾದದ್ದು ಬ್ಲಾಕ್ ಕ್ಯಾಬ್, ಅಂದರೆ ಲಂಡನ್ನಿನ ಸಾಂಪ್ರದಾಯಿಕ ಟ್ಯಾಕ್ಸಿ, ಮಾತ್ರ. ಮಿನಿಕ್ಯಾಬ್ ಕಂಪನಿ, ಡ್ರೈವರ್, ಗಾಡಿ ಮೂರಕ್ಕೂ ಟಿಎಫ್ಎಲ್ (ಲಂಡನ್ನಿನ ಸರ್ಕಾರಿ ಸಾರಿಗೆ ಸಂಸ್ಥೆ) ಲೈಸೆನ್ಸ್ ಬೇಕು, 1998ರ ಕಾನೂನಿನಿಂದ ಶುರುವಾದ ವ್ಯವಸ್ಥೆ ಇದು. ಡ್ರೈವರ್ ಮೇಲೆ ಹಳೆಯ ಕ್ರಿಮಿನಲ್ ಕೇಸ್ ಏನಾದರೂ ಇದೆಯಾ ಅಂತಲೂ ನೋಡುತ್ತಾರೆ. ಆದರೆ ಕಂಪನಿಯ ಮೂಲಕ ಬುಕ್ ಆಗದಿದ್ದರೆ ಯಾರನ್ನು ಯಾರು ಎಲ್ಲಿಂದ ಹತ್ತಿಸಿಕೊಂಡರು ಅನ್ನುವ ದಾಖಲೆಯೇ ಇರುವುದಿಲ್ಲ, ಅಪಘಾತವಾದರೆ ವಿಮೆಯೂ ಕೈಕೊಡಬಹುದು. ಆಮೇಲೆ ಯಾರನ್ನು ಕೇಳುತ್ತೀರಿ?

ಬುಕ್ ಮಾಡಿದರೆ ಗಾಡಿ ನಂಬರ್, ಡ್ರೈವರ್ ಹೆಸರು, ಫೋಟೊ ಮೊಬೈಲಿಗೆ ಬರುತ್ತವೆ. ದಯವಿಟ್ಟು ಅದನ್ನು ನೋಡಿ. ಹೋದ ವರ್ಷ ಒಮ್ಮೆ ಬಂದ ಗಾಡಿಯ ನಂಬರ್ ಸರಿಯಿತ್ತು, ಸ್ಟಿಯರಿಂಗ್ ಹಿಂದೆ ಬೇರೆಯವರಿದ್ದರು. ‘ಅಣ್ಣನ ಗಾಡಿ, ಅವರಿಗೆ ಹುಷಾರಿಲ್ಲ’ ಅಂದರು. ನಿಜವೇ ಇರಬಹುದು, ಆದರೆ ಆ ಮನುಷ್ಯನನ್ನು ಯಾರು ಪರಿಶೀಲಿಸಿದ್ದಾರೆ ಅಂತ ನನಗೆ ಹೇಗೆ ಗೊತ್ತಾಗಬೇಕು? ಹತ್ತಲಿಲ್ಲ. ನಾನು ರದ್ದು ಮಾಡಿದ್ದಕ್ಕೆ ಕಂಪನಿಯವರು ಶುಲ್ಕ ಹಾಕಿದರು! ಬರಹದಲ್ಲಿ ದೂರು ಕೊಟ್ಟು, ಎಂಟು ದಿನ ಅವರ ಹಿಂದೆ ಬಿದ್ದ ಮೇಲೆ ದುಡ್ಡು ವಾಪಸ್ ಬಂತು. ದುಡ್ಡಿಗಿಂತ ಜಾಸ್ತಿ ನೋವಾಗಿದ್ದು ಬೇರೆ ವಿಷಯಕ್ಕೆ. ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಗಾಡಿ ಓಡಿಸುತ್ತಿದ್ದಾರೆ ಅಂದರೂ ಅವರು ಮಾತಾಡಿದ್ದು ಬರೀ ಶುಲ್ಕದ ಬಗ್ಗೆ. ಟಿಎಫ್ಎಲ್‌ಗೂ ಬರೆದೆ, ಕಂಪನಿ ಬದಲಾಯಿಸಿದೆ.

ಅನುಮಾನ ಬಂದರೆ ಟಿಎಫ್ಎಲ್ ವೆಬ್‌ಸೈಟಿನಲ್ಲಿ ಗಾಡಿ ನಂಬರ್ ಹಾಕಿ ಲೈಸೆನ್ಸ್ ಇದೆಯಾ ನೋಡಬಹುದು, ಉಚಿತ. ಇನ್ನೊಂದು, ಗಾಡಿ ಬಂದಾಗ ‘ನಾನು ಇಂಥವಳು’ ಅಂತ ನೀವೇ ಹೇಳಬೇಡಿ. ‘ಯಾರಿಗೆ ಬಂದಿದ್ದೀರಿ?’ ಅಂತ ಕೇಳಿ, ಅವರೇ ನಿಮ್ಮ ಹೆಸರು ಹೇಳಲಿ, ಆಮೇಲೆ ಬಾಗಿಲು ತೆಗೆಯಿರಿ.