ಹಳೇ ಬಿಪಿಎಲ್ ಕಾರ್ಡಿನ ಮಂಜೂರಾತಿ ಪತ್ರ: ಟ್ರಂಕಿನಿಂದ ಆರ್‌ಟಿಐವರೆಗೆ

ಕಳೆದ ವರ್ಷ ನನ್ನ ತಂಗಿಗೆ ಒಂದು ಟ್ರಸ್ಟಿನಿಂದ ಫೋನ್ ಬಂತು. ಡಿಪ್ಲೊಮಾ ಸೇರಿದಾಗಿನಿಂದ ಅವಳ ಫೀಸಿನಲ್ಲಿ ಅರ್ಧ ಕಟ್ಟುತ್ತಿದ್ದವರು ಅವರೇ. ಆಡಿಟ್‌ಗೆ ಅಂತ ಹಳೇ ಫೈಲ್ ತೆಗೆದರೆ 2019ರ ಬಿಪಿಎಲ್ ದಾಖಲೆಯೇ ಅದರಲ್ಲಿ ಇರಲಿಲ್ಲವಂತೆ. "ಆಗ ಕಾರ್ಡ್ ಮಂಜೂರಾದ ಪತ್ರ ತಂದುಕೊಡಿ, ಕೊನೇ ಕಂತು ಆಮೇಲೆ ಹಾಕುತ್ತೇವೆ" ಅಂದರು.

ಕಾರ್ಡ್ ಈಗಲೂ ಬಿಪಿಎಲ್ ಆಗಿದ್ದರೆ ಐದು ನಿಮಿಷದ ಕೆಲಸ. ಆದರೆ 2023ರಲ್ಲಿ ತಮ್ಮನಿಗೆ ಸರ್ಕಾರಿ ಕೆಲಸ ಸಿಕ್ಕಿತು. ಅವ್ವನ ಹೆಸರಲ್ಲಿದ್ದ ಬಿಪಿಎಲ್ ಕಾರ್ಡ್ ವಾಪಸ್ ಕೊಟ್ಟು, ಎಪಿಎಲ್‌ಗೆ ಹೊಸದಾಗಿ ಅರ್ಜಿ ಹಾಕಿದೆವು. ಕಾರ್ಡೂ ಹೊಸದು, ನಂಬರೂ ಹೊಸದು. ಈಗ ಎಲ್ಲಿ ನೋಡಿದರೂ ನಾವು ಎಪಿಎಲ್. ಆಗ ಬಿಪಿಎಲ್ ಆಗಿದ್ದೆವು ಅಂತ ತೋರಿಸೋದು ಹೇಗೆ? ಎರಡು ತಿಂಗಳಲ್ಲಿ ನಾನು ಸುತ್ತಿದ ದಾರಿಗಳನ್ನು ಒಂದರ ಪಕ್ಕ ಒಂದಿಟ್ಟು ಹೇಳುತ್ತೇನೆ.

ಶುರು ಮಾಡಿದ್ದು ಮನೆಯಿಂದಲೇ. ನಾನಿರುವುದು ಮೈಸೂರಿನ ಸರಸ್ವತಿಪುರಂನಲ್ಲಿ, ಅವ್ವ ಇರುವುದು ಮಂಡ್ಯ ಜಿಲ್ಲೆಯ ನಮ್ಮೂರಲ್ಲಿ. ಫೋನ್ ಮಾಡಿ ಕೇಳಿದರೆ, "ನಾನೇನೂ ಬಿಸಾಕಿಲ್ಲ ಕಣಪ್ಪ, ಎಲ್ಲಾ ಟ್ರಂಕಲ್ಲೇ ಐತೆ" ಅಂದಳು. ನಿಜ, ಇತ್ತು. ಡಿಪೋದಲ್ಲಿ ತಂಬ್ ಕೊಟ್ಟ ಮೇಲೆ ಮೆಷಿನ್‌ನಿಂದ ಬರುವ ಚೀಟಿಗಳನ್ನು ಅವ್ವ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಟ್ಟಿದ್ದಳು. ಒಂದು ಹಿಡಿ ದಪ್ಪದ ಕಟ್ಟು. ಬಿಚ್ಚಿ ಕಿಟಕಿ ಬೆಳಕಿಗೆ ಹಿಡಿದರೆ ಎಲ್ಲಾ ಬಿಳಿ. ಆ ಕಾಗದದ ಅಕ್ಷರ ಬಿಸಿಗೆ, ಬೆಳಕಿಗೆ ಅಳಿಸಿಹೋಗುತ್ತದೆ. ಅಕ್ಕಿ ಎಷ್ಟು, ರಾಗಿ ಎಷ್ಟು, ಯಾವ ತಿಂಗಳು, ಒಂದೂ ಉಳಿದಿರಲಿಲ್ಲ. ನಾಲ್ಕು ವರ್ಷದ ಲೆಕ್ಕವನ್ನು ಅಷ್ಟು ಜೋಪಾನ ಮಾಡಿದ್ದಳು, ಪಾಪ.

ಆದರೆ ಟ್ರಂಕು ಪೂರ್ತಿ ಕೈಕೊಡಲಿಲ್ಲ. ಗ್ಯಾಸ್ ಪಾಸ್‌ಬುಕ್ಕಿನ ರಟ್ಟಿನ ಒಳಗಡೆ ಯಾರೋ ಬಾಲ್ ಪೆನ್ನಲ್ಲಿ ಹಳೇ ಕಾರ್ಡ್ ನಂಬರ್ ಬರೆದಿದ್ದರು. ಈ ಇಡೀ ಕಥೆಯಲ್ಲಿ ಹೆಚ್ಚು ಕೆಲಸಕ್ಕೆ ಬಂದದ್ದು ಆ ಒಂದು ಸಾಲು.

ಇನ್ನೊಂದು ವಿಷಯವೂ ಆಗಲೇ ಗೊತ್ತಾಯಿತು. ಟ್ರಸ್ಟಿನವರು ಕೇಳುವ "ಮಂಜೂರಾತಿ ಪತ್ರ" ಅನ್ನುವಂಥದ್ದು ನಮ್ಮ ಮನೆಗೆ ಯಾವತ್ತೂ ಬಂದೇ ಇರಲಿಲ್ಲ. ಅರ್ಜಿ ಹಾಕಿದೆವು, ಸ್ವೀಕೃತಿ ಚೀಟಿ ಕೊಟ್ಟರು, ವಿಚಾರಣೆ ಆಯಿತು, ಕಾರ್ಡ್ ಬಂತು. ಮಂಜೂರಾಗಿದ್ದಕ್ಕೆ ಕಾರ್ಡೇ ಗುರುತು. ಹಾಗಾಗಿ ಹುಡುಕಬೇಕಾಗಿದ್ದು ಪತ್ರವನ್ನಲ್ಲ, ಮಂಜೂರು ಮಾಡಿದ ದಾಖಲೆಯನ್ನು. ಇದು ಮೊದಲೇ ಹೊಳೆದಿದ್ದರೆ ಮೂರು ವಾರ ಉಳಿಯುತ್ತಿತ್ತು.

ಆಹಾರ ಇಲಾಖೆಯ 'ಆಹಾರ' ವೆಬ್‌ಸೈಟಿಗೆ ಹೋದೆ. ಇ-ಸೇವೆಗಳಲ್ಲಿ ಪಡಿತರ ಚೀಟಿ ನೋಡುವುದಕ್ಕೆ ಒಂದು ಜಾಗ, ಅರ್ಜಿಯ ಸ್ಥಿತಿ ನೋಡುವುದಕ್ಕೆ ಇನ್ನೊಂದು ಜಾಗ ಇದೆ. ಹೊಸ ನಂಬರ್ ಹಾಕಿದರೆ ಕಾರ್ಡ್ ಬಂತು: ಅವ್ವನ ಹೆಸರು, ನಮ್ಮೆಲ್ಲರ ಹೆಸರು, ಎನ್‌ಪಿಎಚ್‌ಎಚ್. ದುಡ್ಡಿಲ್ಲ, ಓಡಾಟವಿಲ್ಲ, ಕೂತಲ್ಲೇ ಆಗುತ್ತದೆ. ಆದರೆ ಅದು ಹೇಳುವುದು ಇವತ್ತಿನ ಸ್ಥಿತಿಯನ್ನು. 2019ರಲ್ಲಿ ನೀವೇನಾಗಿದ್ದಿರಿ ಅನ್ನುವುದು ಅದರ ಕೆಲಸವಲ್ಲ. ಹಳೇ ನಂಬರ್ ಹಾಕಿದಾಗ ಅದು ಚಾಲ್ತಿಯಲ್ಲಿಲ್ಲ ಅನ್ನುವುದಷ್ಟೇ ತಿಳಿಯಿತು.

ಈ ಎನ್‌ಪಿಎಚ್‌ಎಚ್ ಗೊಂದಲ ನಿಮಗೂ ಆಗಬಹುದು. 2013ರ ಆಹಾರ ಭದ್ರತಾ ಕಾಯ್ದೆ ಬಂದ ಮೇಲೆ ದಾಖಲೆಗಳಲ್ಲಿ ಬಿಪಿಎಲ್ ಜಾಗಕ್ಕೆ ಪಿಎಚ್‌ಎಚ್ ಬಂದಿದೆ, ಅಂದರೆ ಆದ್ಯತಾ ಕುಟುಂಬ. ಎಪಿಎಲ್ ಅಂದರೆ ಎನ್‌ಪಿಎಚ್‌ಎಚ್, ಅಂತ್ಯೋದಯಕ್ಕೆ ಎಎವೈ. ನಾವು ಬಾಯಲ್ಲಿ ಇನ್ನೂ ಬಿಪಿಎಲ್ ಅಂತಲೇ ಹೇಳುವುದು. ಆಮೇಲೆ ಇದೇ ವಿಷಯಕ್ಕೆ ಟ್ರಸ್ಟಿನಲ್ಲಿ, "ಇದರಲ್ಲಿ ಬಿಪಿಎಲ್ ಅಂತ ಎಲ್ಲಿದೆ?" ಅಂತ ಕೇಳಿದರು. ಕಾಯ್ದೆಯ ಹೆಸರು ಬರೆದು ವಿವರಿಸಬೇಕಾಯಿತು.

ಡಿಜಿಲಾಕರ್ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಅವ್ವನ ಆಧಾರ್‌ಗೆ ಸೇರಿರುವ ಮೊಬೈಲ್ ತಮ್ಮನ ಹತ್ತಿರ ಇತ್ತು, ಅವನು ಓಟಿಪಿ ಹೇಳಿದ, ಕಾರ್ಡ್ ಬಂತು. ಅದರಲ್ಲಿ ಇಲಾಖೆಯೇ ನೀಡಿದ ದಾಖಲೆಗೆ ಅಸಲಿನಷ್ಟೇ ಬೆಲೆ ಇದೆ, ಸೀಲು ಸಹಿ ಅಂತ ಓಡಾಡಬೇಕಿಲ್ಲ. ನಿಮ್ಮ ಕಾರ್ಡ್ ಅಂದಿನಿಂದ ಇಂದಿನವರೆಗೆ ಬದಲಾಗಿಲ್ಲ ಅಂದರೆ ಕಣ್ಣುಮುಚ್ಚಿ ಇದನ್ನೇ ಹಿಡಿಯಿರಿ, ಮುಂದಿನದನ್ನು ಓದುವುದೂ ಬೇಡ. ನಮಗೆ ಸಿಕ್ಕಿದ್ದು ಮತ್ತದೇ ಎಪಿಎಲ್. ಬಿಪಿಎಲ್ ಇದ್ದಾಗಲೇ ಪಿಡಿಎಫ್ ಇಳಿಸಿಟ್ಟುಕೊಂಡಿದ್ದರೆ ಇಷ್ಟೆಲ್ಲಾ ಇರುತ್ತಿರಲಿಲ್ಲ. ಯಾರು ಇಟ್ಟುಕೊಳ್ಳುತ್ತಾರೆ, ಅಲ್ವಾ?

ಸೇವಾ ಕೇಂದ್ರಕ್ಕೂ ಹೋದೆ. ಯಾವುದು, ಎಲ್ಲಿ ಅನ್ನುವುದು ಬೇಡ. ಗೃಹಲಕ್ಷ್ಮಿ ಬಂದಾಗಿನಿಂದ ರೇಷನ್ ಕಾರ್ಡ್ ತಿದ್ದುಪಡಿಗೆ ಬರುವ ಹೆಂಗಸರ ಸಾಲು ಅಂಥ ಕಡೆ ಕರಗಿದ್ದನ್ನು ನಾನು ನೋಡಿಲ್ಲ. ಎರಡು ಗಂಟೆ ನಿಂತೆ. ನನ್ನ ಸರದಿ ಬಂದಾಗ ಹುಡುಗ, "ಸರ್ವರ್ ಇಲ್ಲ ಸಾರ್, ನಾಳೆ ಬನ್ನಿ" ಅಂದ. ನಾಳೆ ಹೋದೆ. ಅವನು ತೆರೆದಿದ್ದು ನಾನು ಮನೆಯಲ್ಲಿ ನೋಡಿದ್ದ ಅದೇ ಪುಟ. ಅದೇ ಎಪಿಎಲ್ ಕಾರ್ಡಿಗೆ ಕಲರ್ ಪ್ರಿಂಟ್ ಹೊಡೆದು 50 ರೂಪಾಯಿ ತೆಗೆದುಕೊಂಡ. ಮೊಬೈಲ್ ಬಳಸಲು ಬಾರದವರಿಗೆ, ಹೊಸ ಅರ್ಜಿ ಹಾಕುವವರಿಗೆ ಇಂಥ ಕೇಂದ್ರ ಬೇಕೇ ಬೇಕು. ಹಳೇ ದಾಖಲೆಗೆ ಸುಮ್ನೆ ಹೋಗಬೇಡಿ.

ಉಳಿದಿದ್ದು ತಾಲೂಕು ಕಚೇರಿಯ ಆಹಾರ ಶಾಖೆ. ಕಾರ್ಡ್ ಮಂಜೂರಾಗಿದ್ದು ಮೈಸೂರಲ್ಲಲ್ಲ, ಊರಿನ ತಾಲೂಕಲ್ಲಿ, ಆದ್ದರಿಂದ ದಾಖಲೆಯೂ ಅಲ್ಲೇ. ನಾನು ಮೊದಲು ಮೈಸೂರಲ್ಲೇ ವಿಚಾರಿಸಿ ಒಂದು ದಿನ ಹಾಳು ಮಾಡಿಕೊಂಡಿದ್ದೆ. ಊರಿನ ತಾಲೂಕಿಗೆ ಹೋದ ಮೊದಲ ಸಲ ಬಾಯಲ್ಲಿ ಕೇಳಿದೆ. "ಎಲ್ಲಾ ಆನ್‌ಲೈನಲ್ಲೇ ಬತ್ತದಲ್ಲ ಸಾರ್, ನಮ್ತಾವ ಏನೈತೆ?" ಅಂದರು. ವಾಪಸ್ ಬಂದೆ. ಎರಡನೇ ಸಲ ಕಾಗದ ಬರೆದುಕೊಂಡು ಹೋದೆ. ಅರ್ಜಿದಾರಳು ಅವ್ವ, ಸಹಿ ಅವಳದೇ. ಹಳೇ ನಂಬರ್, ಹೊಸ ನಂಬರ್, ಊರು, ಡಿಪೋ, ಆಧಾರ್ ಜೆರಾಕ್ಸ್, ಎಲ್ಲಾ ಇತ್ತು. ಕೇಳಿದ್ದು ಇಷ್ಟೇ: ಈ ನಂಬರಿನ ಆದ್ಯತಾ ಕಾರ್ಡ್ ಯಾವ ದಿನ ಮಂಜೂರಾಯಿತು, ಯಾವ ದಿನ ರದ್ದಾಯಿತು, ಅದಕ್ಕೊಂದು ದೃಢೀಕರಣ ಕೊಡಿ. ಟಪಾಲಿನಲ್ಲಿ ಕೊಟ್ಟು, ನಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡೆ.

ಬಾಯಲ್ಲಿ ಕೇಳಿದರೆ ಸಿಗದ ಉತ್ತರ ಸೀಲು ಬಿದ್ದ ಕಾಗದಕ್ಕೆ ಸಿಗುತ್ತದೆ. ಆದರೆ ನಿಧಾನ. ಹದಿನೈದು ದಿನ ಕಾದೆ, ಏನೂ ಬರಲಿಲ್ಲ. ಫೋನ್ ಮಾಡಿದರೆ ಸಾಹೇಬರು ಫೀಲ್ಡಿಗೆ ಹೋಗಿದ್ದಾರೆ.

ಆಗ ಮಾಹಿತಿ ಹಕ್ಕು ಅರ್ಜಿ ಹಾಕಿದೆ. 2005ರ ಕಾಯ್ದೆ, 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದಲ್ಲಿ ಇನ್ನೆರಡು ಕಟ್ಟುಪಾಡು ಇವೆ: ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ನನ್ನ ಮೊದಲ ಕರಡಿನಲ್ಲಿ ತಂಗಿಯ ಓದು, ಟ್ರಸ್ಟು, ತಮ್ಮನ ಕೆಲಸ ಎಲ್ಲಾ ಬಂದು ಮುನ್ನೂರು ಪದ ದಾಟಿತ್ತು. ಎಲ್ಲಾ ಹೊಡೆದುಹಾಕಿದೆ. ಯಾಕೆ ಬೇಕು ಅಂತ ನೀವು ಹೇಳಬೇಕಾಗಿಯೇ ಇಲ್ಲ. ಕೊನೆಗೆ ಉಳಿದದ್ದು ಮೂರು ಸಾಲು: ಅರ್ಜಿಯ ಪ್ರತಿ, ಪರಿಶೀಲನಾ ವರದಿಯ ಪ್ರತಿ, ಮಂಜೂರಾದ ಮತ್ತು ರದ್ದಾದ ದಿನಾಂಕ. ಈ ಅರ್ಜಿಗೂ ಅವ್ವನದೇ ಸಹಿ. ಬೇರೆಯವರ ಮನೆ ವಿವರ ಅಂತ ನೆಪ ಹೇಳುವುದಕ್ಕೆ ದಾರಿ ಇರಬಾರದು ನೋಡಿ.

ಬಿಪಿಎಲ್‌ನವರಿಗೆ ಈ 10 ರೂಪಾಯಿ ಇಲ್ಲ. ನಾವು ಆಗ ಬಿಪಿಎಲ್ ಆಗಿದ್ದೆವು ಅಂತ ತಿಳಿಯಲು, ಈಗ ಎಪಿಎಲ್ ಅಂತ ದುಡ್ಡು ಕಟ್ಟಿದೆವು. ಪೋಸ್ಟಾಫೀಸಿನಲ್ಲಿ ಪೋಸ್ಟಲ್ ಆರ್ಡರ್ ತೆಗೆದುಕೊಳ್ಳುವಾಗ ಇದು ನೆನಪಾಗಿ ನಗು ಬಂತು.

ಇಪ್ಪತ್ನಾಲ್ಕನೇ ದಿನ ಪತ್ರ ಬಂತು. ಪುಟಕ್ಕೆ 2 ರೂಪಾಯಿಯಂತೆ ಮೂರು ಪುಟಕ್ಕೆ 6 ರೂಪಾಯಿ ಕಟ್ಟಿ ಅಂತ. ತಾಲೂಕಿಗೇ ಹೋಗಿ ಕಟ್ಟಿದೆ. ದೃಢೀಕೃತ ನಕಲು ಕೊಟ್ಟರು, ಪ್ರತಿ ಪುಟಕ್ಕೂ ಸೀಲು. ಅದರಲ್ಲಿ ಅವ್ವನ ಹೆಸರು, ಹಳೇ ನಂಬರ್, ಪಿಎಚ್‌ಎಚ್, ಮಂಜೂರಾದ ದಿನ. ತಮಾಷೆ ಅಂದರೆ, ಅದೇ ಹೊತ್ತಿಗೆ ನಮ್ಮ ಮೊದಲ ಅರ್ಜಿಗೂ ದೃಢೀಕರಣ ಟೈಪ್ ಆಗಿ ಸಹಿಗೆ ಕಾಯುತ್ತಿತ್ತು. ಎರಡನ್ನೂ ಒಟ್ಟಿಗೆ ತಂದೆ.

ಟ್ರಸ್ಟಿನವರು ಇಟ್ಟುಕೊಂಡಿದ್ದು ಒಂದು ಪುಟದ ದೃಢೀಕರಣವನ್ನು, ಆರ್‌ಟಿಐ ಕಾಗದವನ್ನಲ್ಲ. ಓದಲು ಸುಲಭ, ಸರ್ಕಾರಿ ತಲೆಬರಹ ಇದೆ, ಅವರಿಗೆ ಅಷ್ಟು ಸಾಕಿತ್ತು. ಆದರೆ ಆರ್‌ಟಿಐ ಹಾಕದೇ ಇದ್ದಿದ್ದರೆ ಆ ಒಂದು ಪುಟ ಆ ವಾರ ಟೈಪ್ ಆಗುತ್ತಿತ್ತಾ? ನನಗೆ ಅನುಮಾನ. ಮತ್ತೆ ಇಂಥದ್ದು ಬಂದರೆ ನಾನಂತೂ ಎರಡನ್ನೂ ಒಂದೇ ದಿನ ಹಾಕುತ್ತೇನೆ.

ತಂಗಿಯ ಕಂತು ಮುಂದಿನ ವಾರ ಬಂತು. ಆರ್‌ಟಿಐನ ಮೂರು ಪುಟ ಊರಿಗೆ ಕೊಟ್ಟು ಬಂದೆ. ಅವ್ವ ಅದನ್ನು ಗ್ಯಾಸ್ ಪಾಸ್‌ಬುಕ್ಕಿನೊಳಗೆ ಮಡಚಿಟ್ಟಳು. ಬಿಳಿ ಚೀಟಿಗಳ ಕಟ್ಟನ್ನು ಮಾತ್ರ ಬಿಸಾಕಲು ಬಿಡಲಿಲ್ಲ.